ತಡವಾಗಿ ಅರಳುವವರಿಗೂ ಮೈದಾನದಲ್ಲಿ ಜಾಗವಿರಲಿ

(ಸಂಸ್ಥೆಯ ವಾರ್ಷಿಕ ಬಹುಮಾನ ವಿತರಣಾ ಸಮಾರಂಭದಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಇಂದು ಓಟದಲ್ಲಿ, ಕಬಡ್ಡಿಯಲ್ಲಿ, ಕ್ರಿಕೆಟ್ಟಿನಲ್ಲಿ ಬಹುಮಾನ ಪಡೆದ ಮಕ್ಕಳಿಗೆ ಮೊದಲು ನನ್ನ ಅಭಿನಂದನೆಗಳು. ನೀವು ಬೆವರು ಸುರಿಸಿದ್ದೀರಿ, ಅದರ ಫಲ ಪಡೆದಿದ್ದೀರಿ. ಆದರೆ ನಾನು ಇವತ್ತು ಮಾತನಾಡಬೇಕೆಂದು ಬಂದದ್ದು ಮುಖ್ಯವಾಗಿ ಬಹುಮಾನ ಸಿಗದೆ ಹಿಂದಿನ ಸಾಲಿನಲ್ಲಿ ಕುಳಿತಿರುವ ಮಕ್ಕಳ ಬಗ್ಗೆ. ತಂಡದ ಪಟ್ಟಿ ಓದುವಾಗ ಕಿವಿಗೊಟ್ಟು ನಿಂತು, ಕೊನೆಯ ಹೆಸರು ಮುಗಿದ ಮೇಲೆ ಸದ್ದಿಲ್ಲದೆ ಚೀಲ ಎತ್ತಿಕೊಂಡು ಮನೆಗೆ ನಡೆದ ಮಕ್ಕಳ ಬಗ್ಗೆ. ಅಂಥವರು ಪ್ರತಿ ಶಾಲೆಯಲ್ಲೂ ಇದ್ದಾರೆ. ಅವರಲ್ಲಿ ಎಷ್ಟೋ ಜನ ಆಟದಲ್ಲಿ ಸೋತವರಲ್ಲ. ಅವರ ಸಮಯ ಇನ್ನೂ ಬಂದಿಲ್ಲ, ಅಷ್ಟೇ.

ತಾಲ್ಲೂಕು ಮಟ್ಟದ ಯಾವುದೇ ಶಾಲಾ ಕ್ರೀಡಾಕೂಟಕ್ಕೆ ಹೋಗಿ ನೋಡಿ. 14 ವರ್ಷದೊಳಗಿನವರ ಓಟಕ್ಕೆ ಎಂಟು ಹುಡುಗರು ಗೆರೆಯ ಮೇಲೆ ನಿಂತಿರುತ್ತಾರೆ. ಒಬ್ಬನಿಗೆ ಮೀಸೆ ಚಿಗುರಿದೆ, ಧ್ವನಿ ಒಡೆದಿದೆ, ತೊಡೆ ಗಟ್ಟಿಯಾಗಿದೆ. ಅವನ ಪಕ್ಕದವನು ಅವನ ಭುಜದಷ್ಟೇ ಎತ್ತರ. ದಾಖಲೆಯಲ್ಲಿ ಇಬ್ಬರಿಗೂ ಒಂದೇ ವಯಸ್ಸು. ಸೀಟಿ ಊದಿದ ಮೇಲೆ ಏನಾಗುತ್ತದೆಂದು ಹೇಳಲು ಜ್ಯೋತಿಷಿ ಬೇಕಾಗಿಲ್ಲ. ದೊಡ್ಡವನು ಗೆಲ್ಲುತ್ತಾನೆ. ನಾವು ಚಪ್ಪಾಳೆ ತಟ್ಟಿ "ಇವನಲ್ಲಿ ಪ್ರತಿಭೆ ಇದೆ" ಎನ್ನುತ್ತೇವೆ. ಸಣ್ಣವನಿಗೆ "ನಿನಗೆ ಆಟ ಆಗಿಬರಲಿಕ್ಕಿಲ್ಲಪ್ಪಾ, ಓದಿನ ಕಡೆ ಲಕ್ಷ್ಯ ಕೊಡು" ಎಂದು ಉಪದೇಶ ಮಾಡುತ್ತೇವೆ.

ಇಲ್ಲಿ ನಾವು ಅಳೆದದ್ದು ಪ್ರತಿಭೆಯನ್ನೋ, ಬೆಳವಣಿಗೆಯ ವೇಗವನ್ನೋ? ಇದೇ ಇಂದಿನ ನನ್ನ ಪ್ರಶ್ನೆ.

ವೈದ್ಯರು ಹೇಳುವ ಮಾತನ್ನು ಸರಳವಾಗಿ ಹೇಳುತ್ತೇನೆ. ಹೆಣ್ಣುಮಕ್ಕಳು ಸರಾಸರಿ 12ನೆಯ ವಯಸ್ಸಿನಲ್ಲಿ, ಗಂಡುಮಕ್ಕಳು ಸರಾಸರಿ 14ನೆಯ ವಯಸ್ಸಿನಲ್ಲಿ ಅತಿ ವೇಗವಾಗಿ ಎತ್ತರ ಬೆಳೆಯುತ್ತಾರೆ. ಆ ಒಂದು ವರ್ಷದಲ್ಲಿ ಹುಡುಗನೊಬ್ಬ 8ರಿಂದ 10 ಸೆಂಟಿಮೀಟರ್ ಏರಬಹುದು. ಆದರೆ ಇದು ಸರಾಸರಿ ಲೆಕ್ಕ. ಒಬ್ಬ ಹುಡುಗನಿಗೆ ಈ ಹಂತ 12ಕ್ಕೇ ಬರುತ್ತದೆ, ಇನ್ನೊಬ್ಬನಿಗೆ 16ಕ್ಕೆ. ಇಬ್ಬರೂ ಆರೋಗ್ಯವಂತರೇ. 13ನೆಯ ವಯಸ್ಸಿನಲ್ಲಿ ಇಬ್ಬರನ್ನೂ ಪಕ್ಕಪಕ್ಕ ನಿಲ್ಲಿಸಿದರೆ ಮೂಳೆ, ಸ್ನಾಯುಗಳ ಲೆಕ್ಕದಲ್ಲಿ ಅವರ ನಡುವೆ ಮೂರು ನಾಲ್ಕು ವರ್ಷಗಳ ಅಂತರವಿರಬಹುದು. ತಡವಾಗಿ ಬೆಳೆದವನು 18, 19ರ ಹೊತ್ತಿಗೆ ಮೊದಲಿನವನನ್ನು ಸರಿಗಟ್ಟುತ್ತಾನೆ, ಎಷ್ಟೋ ಸಲ ಮೀರಿಸುತ್ತಾನೆ. ಆದರೆ ಅಷ್ಟರೊಳಗೆ ಅವನು ಮೈದಾನ ಬಿಟ್ಟು ಐದು ವರ್ಷ ಆಗಿರುತ್ತದೆ.

"ಬೆಳೆಯುವ ಪೈರು ಮೊಳಕೆಯಲ್ಲಿ" ಎಂಬ ಗಾದೆ ನಮಗೆಲ್ಲ ಬಾಯಿಪಾಠ. ಗಾದೆ ಸುಳ್ಳಲ್ಲ. ಆದರೆ ಮೊಳಕೆಯಲ್ಲಿ ಏನನ್ನು ನೋಡಬೇಕು ಎಂಬುದು ಮುಖ್ಯ. ನಮ್ಮ ನಿಪ್ಪಾಣಿ, ಚಿಕ್ಕೋಡಿ ಭಾಗದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜನವರಿ, ಫೆಬ್ರುವರಿಯಲ್ಲಿ ನೆಟ್ಟ ಸುರು ಕಬ್ಬು ಹನ್ನೆರಡು ತಿಂಗಳಿಗೆ ಕಟಾವಿಗೆ ಬರುತ್ತದೆ. ಮಳೆಗಾಲದಲ್ಲಿ ನೆಟ್ಟ ಅಡಸಾಲಿ ಕಬ್ಬು ಹದಿನಾರು, ಹದಿನೆಂಟು ತಿಂಗಳು ಹೊಲದಲ್ಲಿ ನಿಲ್ಲುತ್ತದೆ. ಅಡಸಾಲಿ ಕಬ್ಬು ಹನ್ನೆರಡು ತಿಂಗಳಿಗೆ ಪಕ್ವವಾಗಲಿಲ್ಲ ಎಂದು ಯಾವ ರೈತನೂ ಅದನ್ನು ಕಿತ್ತು ಬದುವಿಗೆ ಎಸೆಯುವುದಿಲ್ಲ. ಕಾದರೆ ಟನ್ ಹೆಚ್ಚು ಬರುತ್ತದೆಂದು ಅವನಿಗೆ ಗೊತ್ತು. ಹೊಲದಲ್ಲಿ ಇಷ್ಟು ತಿಳಿವಳಿಕೆ ಇರುವ ನಾವು ಮಕ್ಕಳ ವಿಷಯದಲ್ಲಿ ಮಾತ್ರ ಎಲ್ಲರಿಗೂ ಒಂದೇ ದಿನ ಕಟಾವು ಇಟ್ಟಿದ್ದೇವೆ.

ಇದರ ಜೊತೆಗೆ ಕ್ಯಾಲೆಂಡರಿನ ಆಟವೊಂದಿದೆ. ಭಾರತೀಯ ಕ್ರಿಕೆಟ್ ಮಂಡಳಿಯ ವಯೋಮಿತಿ ಪಂದ್ಯಗಳಿಗೆ ಸೆಪ್ಟೆಂಬರ್ 1 ಗಡಿ ದಿನಾಂಕ. ಸೆಪ್ಟೆಂಬರಿನಲ್ಲಿ ಹುಟ್ಟಿದವನೂ ಮುಂದಿನ ಆಗಸ್ಟಿನಲ್ಲಿ ಹುಟ್ಟಿದವನೂ ಒಂದೇ ಗುಂಪಿಗೆ ಬರುತ್ತಾರೆ. ಇಬ್ಬರ ನಡುವೆ ಹನ್ನೊಂದು ತಿಂಗಳ ಅಂತರ. ಹದಿಮೂರನೆಯ ವಯಸ್ಸಿನಲ್ಲಿ ಹನ್ನೊಂದು ತಿಂಗಳು ಸಣ್ಣದಲ್ಲ. ಕೆನಡಾದಲ್ಲಿ 1985ರಲ್ಲಿ ಐಸ್ ಹಾಕಿ ಆಟಗಾರರ ಹುಟ್ಟಿದ ತಿಂಗಳುಗಳನ್ನು ಅಧ್ಯಯನ ಮಾಡಿದಾಗ, ಗಡಿ ದಿನಾಂಕದ ನಂತರದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಒಳ್ಳೆಯ ತಂಡಗಳಲ್ಲಿ ಹೆಚ್ಚಾಗಿ ತುಂಬಿರುವುದು ಕಂಡುಬಂತು. ಆಮೇಲೆ ಫುಟ್‌ಬಾಲ್, ಬೇಸ್‌ಬಾಲ್ ಮುಂತಾದ ಆಟಗಳಲ್ಲೂ ಇದೇ ಕಂಡಿತು. ಆ ತಿಂಗಳುಗಳಲ್ಲಿ ಹುಟ್ಟಿದವರಿಗೆ ದೇವರು ಹೆಚ್ಚು ಪ್ರತಿಭೆ ಕೊಟ್ಟಿರಲಿಲ್ಲ. ಅವರು ಆಯ್ಕೆಯ ದಿನ ಸ್ವಲ್ಪ ದೊಡ್ಡವರಾಗಿದ್ದರು. ಆಯ್ಕೆಯಾದ್ದರಿಂದ ಒಳ್ಳೆಯ ತರಬೇತಿ ಸಿಕ್ಕಿತು. ತರಬೇತಿ ಸಿಕ್ಕಿದ್ದರಿಂದ ನಿಜವಾಗಿಯೂ ಮುಂದೆ ಹೋದರು.

ನಮ್ಮಲ್ಲಿ ಇನ್ನೊಂದು ವಿಶೇಷವಿದೆ. ಈ ಸಭೆಯಲ್ಲಿ ಜೂನ್ 1ರಂದು ಹುಟ್ಟಿದವರು ಕೈ ಎತ್ತಿ ಎಂದರೆ ಹಿರಿಯರಲ್ಲಿ ಅರ್ಧ ಜನ ಕೈ ಎತ್ತುತ್ತಾರೆ! (ನಗು) ಆ ಕಾಲದಲ್ಲಿ ಮಾಸ್ತರರು ಶಾಲೆಗೆ ಸೇರಿಸುವಾಗ ಬರೆದ ದಿನಾಂಕ ಅದು. ತಾಯಂದಿರು "ದೊಡ್ಡ ಮಳೆಯ ವರ್ಷ ಹುಟ್ಟಿದ್ದು" ಎಂದರೆ ಮಾಸ್ತರರು ಜೂನ್ ಒಂದು ಎಂದು ಬರೆದರು. ಅದು ಮುಗ್ಧ ಕಾಲ. ಆದರೆ ಇಂದು ಬೇಕೆಂದೇ ವಯಸ್ಸು ಕಡಿಮೆ ಬರೆಸಿ ಮಗನನ್ನು ಕೆಳಗಿನ ಗುಂಪಿನಲ್ಲಿ ಆಡಿಸುವವರಿದ್ದಾರೆ. ಇದನ್ನು ತಡೆಯಲೆಂದೇ ಕ್ರಿಕೆಟ್ ಮಂಡಳಿ 16 ವರ್ಷದೊಳಗಿನ ಹುಡುಗರ ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುವ ಪದ್ಧತಿ ತಂದಿತು. ಪಾಲಕರೇ, ಒಂದು ಮಾತು ನೆನಪಿಡಿ. ಸುಳ್ಳು ವಯಸ್ಸಿನಿಂದ ಗೆದ್ದ ಜಾಗ ಆಕಾಶದಿಂದ ಉದುರಿದ್ದಲ್ಲ. ನಿಜವಾದ ವಯಸ್ಸು ಬರೆಸಿದ, ಸ್ವಲ್ಪ ತಡವಾಗಿ ಬೆಳೆಯುತ್ತಿರುವ ಒಬ್ಬ ಬಡ ಹುಡುಗನ ಜಾಗ ಅದು.

ಈಗ ಕೆಲವು ಉದಾಹರಣೆಗಳನ್ನು ನೋಡೋಣ. ಮೊದಲನೆಯದು ಬಹಳ ಹತ್ತಿರದ್ದು.

ನಮ್ಮ ಊರಿನಿಂದ ಹೆದ್ದಾರಿ ಹಿಡಿದು ಉತ್ತರಕ್ಕೆ ಹೋದರೆ ಒಂದು ತಾಸಿನೊಳಗೆ ಕೊಲ್ಲಾಪುರ. ಅಲ್ಲಿಯ ರಾಜಾರಾಮ ಕಾಲೇಜಿನಲ್ಲಿ ಖಾಶಾಬಾ ಜಾಧವ ಎಂಬ ವಿದ್ಯಾರ್ಥಿ ಓದುತ್ತಿದ್ದ. ಕರಾಡದ ಹತ್ತಿರದ ಗೋಳೇಶ್ವರ ಎಂಬ ಹಳ್ಳಿಯವನು, 1926ರಲ್ಲಿ ಹುಟ್ಟಿದವನು. ಕಾಲೇಜಿನ ಕುಸ್ತಿ ಪಂದ್ಯಕ್ಕೆ ಹೆಸರು ಕೊಡಲು ಹೋದಾಗ, ಅವನ ಸಣಕಲು ಮೈಕಟ್ಟು ನೋಡಿ ಕ್ರೀಡಾ ಶಿಕ್ಷಕರು ಬೇಡವೆಂದರೆಂದೂ, ಅವನು ನೇರವಾಗಿ ಪ್ರಾಂಶುಪಾಲರ ಬಳಿ ಹೋಗಿ ಅನುಮತಿ ಪಡೆದನೆಂದೂ, ತನಗಿಂತ ದಪ್ಪಗಿದ್ದವರನ್ನು ಒಬ್ಬೊಬ್ಬರನ್ನಾಗಿ ಚಿತ್ ಮಾಡಿದನೆಂದೂ ಹೇಳುತ್ತಾರೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆರನೆಯ ಸ್ಥಾನ ಬಂತು. ನಾಲ್ಕು ವರ್ಷ ಮತ್ತೆ ಬೆವರು ಹರಿಸಿ, 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚಿನ ಪದಕ ಗೆದ್ದ. ಸ್ವತಂತ್ರ ಭಾರತಕ್ಕೆ ವ್ಯಕ್ತಿಯೊಬ್ಬ ಗೆದ್ದುಕೊಟ್ಟ ಮೊದಲ ಒಲಿಂಪಿಕ್ ಪದಕ ಅದು. ಆಗ ಅವನ ವಯಸ್ಸು 26. ಆ ಪ್ರಯಾಣದ ಖರ್ಚಿಗಾಗಿ ಪ್ರಾಂಶುಪಾಲ ಖರ್ಡೇಕರ್ ಅವರು ತಮ್ಮ ಮನೆಯನ್ನೇ ಅಡವಿಟ್ಟು 7,000 ರೂಪಾಯಿ ಹೊಂದಿಸಿದರೆಂಬುದು ಕೊಲ್ಲಾಪುರದವರು ಇಂದಿಗೂ ಅಭಿಮಾನದಿಂದ ಹೇಳುವ ಸಂಗತಿ. ತಾಳ್ಮೆ ಎಂದರೆ ಕ್ರೀಡಾಪಟುವಿನದು ಮಾತ್ರವಲ್ಲ, ಅವನ ಹಿಂದೆ ನಿಂತವರದೂ ಹೌದು. "ಬೇಡ" ಎನ್ನುವವರ ನಡುವೆ "ಒಮ್ಮೆ ಆಡಿ ನೋಡಲಿ" ಎನ್ನುವ ಒಬ್ಬ ಹಿರಿಯ ಸಾಕು.

ಎರಡನೆಯದು ಸಯ್ಯದ್ ಕಿರ್ಮಾನಿ ಅವರದು. ಬಾಲ್ಯದಲ್ಲಿ ಕೈಗವಸು ಇಲ್ಲದೆ ಇಟ್ಟಿಗೆಗಳನ್ನು ಹಿಡಿದು ವಿಕೆಟ್ ಹಿಂದೆ ಚೆಂಡು ತಡೆಯುತ್ತಿದ್ದುದನ್ನು ಅವರೇ ಹೇಳಿಕೊಂಡಿದ್ದಾರೆ. ಅವರು 1971ರಲ್ಲಿ ಭಾರತ ತಂಡದೊಂದಿಗೆ ಇಂಗ್ಲೆಂಡಿಗೆ ಹೋದರು, 1974ರಲ್ಲಿ ಮತ್ತೆ ಹೋದರು. ಫಾರೂಕ್ ಇಂಜಿನಿಯರ್ ಅವರಂಥ ಹೆಸರಾಂತ ವಿಕೆಟ್ ಕೀಪರ್ ಇದ್ದುದರಿಂದ ಟೆಸ್ಟ್ ಆಡುವ ಅವಕಾಶ ಬರಲಿಲ್ಲ. ಬಂದದ್ದು 1976ರ ಜನವರಿಯಲ್ಲಿ, ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ, 26ನೆಯ ವಯಸ್ಸಿನಲ್ಲಿ. ಮುಂದಿನ ಟೆಸ್ಟಿನಲ್ಲೇ ಒಂದೇ ಇನಿಂಗ್ಸ್‌ನಲ್ಲಿ ಆರು ಜನರನ್ನು ಔಟ್ ಮಾಡಿಸಿ ಆಗಿನ ವಿಶ್ವದಾಖಲೆಯನ್ನು ಸರಿಗಟ್ಟಿದರು. 88 ಟೆಸ್ಟ್ ಆಡಿದರು. 1983ರ ವಿಶ್ವಕಪ್‌ನಲ್ಲಿ ಜಿಂಬಾಬ್ವೆ ವಿರುದ್ಧ ಕಪಿಲ್ ದೇವ್ 175 ರನ್ ಹೊಡೆದದ್ದು ಎಲ್ಲರಿಗೂ ನೆನಪಿದೆ. ಇನ್ನೊಂದು ತುದಿಯಲ್ಲಿ ನಿಂತು ಮುರಿಯದ 126 ರನ್ನುಗಳ ಜೊತೆಯಾಟ ಕೊಟ್ಟವರು ಕಿರ್ಮಾನಿ. ಅವರ ಪಾಲಿನ ರನ್ 24 ಮಾತ್ರ. ಐದು ವರ್ಷ ತಂಡದ ಚೀಲ ಹೊತ್ತು ಕಾದವನಿಗೆ ಇನ್ನೊಂದು ತುದಿಯಲ್ಲಿ ನಿಲ್ಲುವುದರ ಬೆಲೆ ಗೊತ್ತಿರುತ್ತದೆ.

ನಮ್ಮ ರಾಜ್ಯದ ಅಭಿಮನ್ಯು ಮಿಥುನ್ ಅವರ ಕಥೆ ಕೇಳಿ. ಅವರು ಶಾಲಾ ದಿನಗಳಲ್ಲಿ ಡಿಸ್ಕಸ್ ಎಸೆಯುತ್ತಿದ್ದವರು. ತೊಗಲಿನ ಚೆಂಡಿನಲ್ಲಿ ಬೌಲಿಂಗ್ ಮಾಡಲು ಶುರುಮಾಡಿದ್ದೇ ಸುಮಾರು 17ನೆಯ ವಯಸ್ಸಿನಲ್ಲಿ. ಅಷ್ಟು ಹೊತ್ತಿಗೆ ನಮ್ಮ ಲೆಕ್ಕದಲ್ಲಿ "ತಡವಾಯಿತು". ಆದರೆ 2009ರಲ್ಲಿ ಉತ್ತರ ಪ್ರದೇಶದ ವಿರುದ್ಧ ಮೊದಲ ರಣಜಿ ಪಂದ್ಯದಲ್ಲೇ ಹ್ಯಾಟ್ರಿಕ್ ಪಡೆದರು, ಆ ಋತುವಿನಲ್ಲಿ 47 ವಿಕೆಟ್ ಕಿತ್ತರು. 2010ರಲ್ಲಿ ಶ್ರೀಲಂಕಾದ ಗಾಲೆಯಲ್ಲಿ ಭಾರತಕ್ಕೆ ಟೆಸ್ಟ್ ಆಡಿದರು. ಡಿಸ್ಕಸ್ ಎಸೆದ ವರ್ಷಗಳು ವ್ಯರ್ಥವಾಗಲಿಲ್ಲ. ಸೊಂಟ, ಬೆನ್ನು, ಭುಜಗಳಿಗೆ ಅಲ್ಲಿ ಬಂದ ಶಕ್ತಿ ಇಲ್ಲಿ ಕೆಲಸಕ್ಕೆ ಬಂತು.

ಇನ್ನು ಮೊಹಮ್ಮದ್ ಸಿರಾಜ್. ಹೈದರಾಬಾದಿನ ಆಟೋ ಚಾಲಕರ ಮಗ. ನಮ್ಮ ನಿಪ್ಪಾಣಿ ಹುಡುಗರು ಸಂಜೆ ಆಡುವ ಟೆನಿಸ್ ಚೆಂಡಿನ ಆಟವನ್ನೇ ಆಡಿ ಬೆಳೆದವರು. ದೊಡ್ಡ ಅಕಾಡೆಮಿ ಕಂಡವರಲ್ಲ. 2015ರಲ್ಲಿ ರಣಜಿ, ಮುಂದಿನ ಋತುವಿನಲ್ಲಿ 41 ವಿಕೆಟ್, 2020ರ ಡಿಸೆಂಬರಿನಲ್ಲಿ ಮೆಲ್ಬರ್ನ್‌ನಲ್ಲಿ ಮೊದಲ ಟೆಸ್ಟ್. ಅದಕ್ಕೆ ಒಂದು ತಿಂಗಳ ಮೊದಲು ತಂದೆ ತೀರಿಕೊಂಡಿದ್ದರು. 2021ರ ಜನವರಿಯಲ್ಲಿ ಬ್ರಿಸ್ಬೇನ್‌ನಲ್ಲಿ ಒಂದೇ ಇನಿಂಗ್ಸ್‌ನಲ್ಲಿ ಐದು ವಿಕೆಟ್ ಪಡೆದರು. ಹದಿಮೂರನೆಯ ವಯಸ್ಸಿನ ಯಾವ ಪಟ್ಟಿಯೂ ಸಿರಾಜರ ಭವಿಷ್ಯವನ್ನು ಬರೆಯಲಿಲ್ಲ.

ಹೊರದೇಶದ ಆಟವೊಂದರ ಕಡೆಗೂ ನೋಡೋಣ. ಅಮೆರಿಕದಲ್ಲಿ ನಮ್ಮ ಕ್ರಿಕೆಟ್ಟಿನಷ್ಟೇ ಹುಚ್ಚು ಹಿಡಿಸುವ ಆಟ ಬೇಸ್‌ಬಾಲ್. ನಮ್ಮ ರಾಷ್ಟ್ರೀಯ ಶಾಲಾ ಕ್ರೀಡೆಗಳ ಪಟ್ಟಿಯಲ್ಲೂ ಅದು ಇದೆ. ಅಲ್ಲಿ ಚೆಂಡೆಸೆಯುವವನನ್ನು ಪಿಚರ್ ಎನ್ನುತ್ತಾರೆ. ಆ ದೇಶದ ವೃತ್ತಿಪರ ತಂಡಗಳು ಪ್ರತಿ ವರ್ಷ ಯುವಕರನ್ನು ಸುತ್ತು ಸುತ್ತಾಗಿ ಆರಿಸುತ್ತವೆ. 1988ರಲ್ಲಿ ಮೈಕ್ ಪಿಯಾಜಾ ಎಂಬ ಹುಡುಗನನ್ನು 62ನೆಯ ಸುತ್ತಿನಲ್ಲಿ, 1,390ನೆಯವನಾಗಿ ಆರಿಸಿದರು. ಅವನಿಗಿಂತ ಮೊದಲು 1,389 ಹೆಸರುಗಳು! 2016ರಲ್ಲಿ ಆ ಆಟದ ಅತಿದೊಡ್ಡ ಗೌರವವಾದ ಹಾಲ್ ಆಫ್ ಫೇಮ್‌ಗೆ ಅವನು ಸೇರಿದ. ಜೇಕಬ್ ಡಿಗ್ರಾಮ್ ಎಂಬಾತ ಕಾಲೇಜಿನಲ್ಲಿ ಫೀಲ್ಡಿಂಗ್ ಜಾಗದ ಆಟಗಾರನಾಗಿದ್ದು, ಕೊನೆಗಾಲದಲ್ಲಿ ಪಿಚರ್ ಆದ. ಮೊಣಕೈ ಶಸ್ತ್ರಚಿಕಿತ್ಸೆಯೂ ಆಯಿತು. 2014ರಲ್ಲಿ ಇನ್ನೇನು 26 ತುಂಬುವಾಗ ದೊಡ್ಡ ತಂಡಕ್ಕೆ ಬಂದ. 2018 ಮತ್ತು 2019ರಲ್ಲಿ ತನ್ನ ಲೀಗಿನ ಅತ್ಯುತ್ತಮ ಪಿಚರ್ ಪ್ರಶಸ್ತಿ ಪಡೆದ.

ಅದೇ ದೇಶದಿಂದ ಅವಸರದ ಪಾಠವನ್ನೂ ಕಲಿಯಬೇಕು. ಹದಿಮೂರಕ್ಕೇ ಮೈ ತುಂಬಿದ ಹುಡುಗನ ಎಸೆತ ಇತರರಿಗೆ ಕಾಣುವುದೇ ಇಲ್ಲ. ತಂಡ ಗೆಲ್ಲಬೇಕು, ಆದ್ದರಿಂದ ಪ್ರತಿ ಪಂದ್ಯದಲ್ಲೂ ಅವನೇ ಎಸೆಯಬೇಕು. ಬೆಳೆಯುವ ಮೂಳೆಯ ತುದಿಗಳು ಇನ್ನೂ ಮೆತ್ತಗಿರುತ್ತವೆ. ಮೊಣಕೈಯ ಒಳಬದಿಯ ಕಟ್ಟು ಸವೆಯುತ್ತದೆ, ಕೊನೆಗೆ ಹರಿಯುತ್ತದೆ. 1974ರಲ್ಲಿ ಟಾಮಿ ಜಾನ್ ಎಂಬ ವೃತ್ತಿಪರ ಆಟಗಾರನಿಗೆ ಮೊದಲ ಬಾರಿ ಮಾಡಿದ ಆ ಕಟ್ಟಿನ ಶಸ್ತ್ರಚಿಕಿತ್ಸೆ, ಆಮೇಲಿನ ದಶಕಗಳಲ್ಲಿ ಹೈಸ್ಕೂಲ್ ಹುಡುಗರಿಗೇ ಹೆಚ್ಚು ಹೆಚ್ಚು ಬೇಕಾಗತೊಡಗಿತು. ಅದಕ್ಕಾಗಿ 2007ರಿಂದ ಅಲ್ಲಿಯ ಮಕ್ಕಳ ಬೇಸ್‌ಬಾಲ್ ಸಂಘಟನೆ ಲಿಟ್ಲ್ ಲೀಗ್, ದಿನಕ್ಕೆ ಇಷ್ಟೇ ಎಸೆತ ಎಂದು ಮಿತಿ ಹಾಕಿತು. 11, 12 ವರ್ಷದವರಿಗೆ 85 ಎಸೆತ, ಆಮೇಲೆ ಕಡ್ಡಾಯ ವಿಶ್ರಾಂತಿ. ನಮ್ಮ ಹುಡುಗರು ರವಿವಾರ ಬೆಳಗಿನಿಂದ ಸಂಜೆಯವರೆಗೆ ಒಂದರ ಮೇಲೊಂದು ಪಂದ್ಯದಲ್ಲಿ ಜೋರಾಗಿ ಬೌಲಿಂಗ್ ಮಾಡುವುದನ್ನು ನೋಡಿದಾಗ ಈ ಲೆಕ್ಕ ನಮಗೂ ಬೇಕೆನಿಸುತ್ತದೆ. ಬೇಗ ಬೆಳೆದ ಹುಡುಗನಿಗೂ ತಾಳ್ಮೆಯ ರಕ್ಷಣೆ ಬೇಕು. ಅವನು ಇಂದು ಬಲದಿಂದಲೇ ಗೆಲ್ಲುತ್ತಾನೆ, ಹಾಗಾಗಿ ಕೌಶಲ ಕಲಿಯುವ ಗರಜು ಅವನಿಗೆ ಬೀಳುವುದಿಲ್ಲ. 17ಕ್ಕೆ ಎಲ್ಲರೂ ಸರಿಸಮ ಬೆಳೆದಾಗ ಅವನು ಗಾಬರಿಯಾಗುತ್ತಾನೆ.

ತಾಳ್ಮೆಯ ಬಗ್ಗೆ ಮಾತನಾಡುವಾಗ ಸುಳ್ಳು ಆಸೆ ಹುಟ್ಟಿಸಬಾರದು. 2008ರಲ್ಲಿ ಉತ್ತರ ಪ್ರದೇಶದ ರಿಂಕು ಸಿಂಗ್, ದಿನೇಶ್ ಪಟೇಲ್ ಎಂಬ ಇಬ್ಬರು ಜಾವೆಲಿನ್ ಎಸೆತಗಾರರು ಒಂದು ಸ್ಪರ್ಧೆಯ ಮೂಲಕ ಆಯ್ಕೆಯಾಗಿ ಅಮೆರಿಕಕ್ಕೆ ಹೋದರು. ಅದುವರೆಗೆ ಬೇಸ್‌ಬಾಲ್ ಚೆಂಡು ಮುಟ್ಟಿದವರಲ್ಲ. ಕೆಲವೇ ತಿಂಗಳಲ್ಲಿ ಪಿಟ್ಸ್‌ಬರ್ಗ್ ತಂಡ ಅವರೊಂದಿಗೆ ಒಪ್ಪಂದ ಮಾಡಿಕೊಂಡಿತು. ಅಮೆರಿಕದ ವೃತ್ತಿಪರ ಬೇಸ್‌ಬಾಲ್ ತಂಡದ ಒಪ್ಪಂದ ಪಡೆದ ಮೊದಲ ಭಾರತೀಯರು ಅವರೇ. ಅವರ ಕಥೆ ಸಿನಿಮಾ ಆಯಿತು. ಆದರೆ ಇಬ್ಬರೂ ಅತ್ಯುನ್ನತ ಲೀಗಿನಲ್ಲಿ ಆಡಲಿಲ್ಲ. ದಿನೇಶ್ ಊರಿಗೆ ಮರಳಿದರು. ರಿಂಕು ಕೆಲವು ವರ್ಷ ಕೆಳಗಿನ ಲೀಗುಗಳಲ್ಲಿ ಆಡಿ, ಆಮೇಲೆ ವೃತ್ತಿಪರ ಕುಸ್ತಿಗೆ ಹೋದರು. ಕಾದವರಿಗೆಲ್ಲ ಪದಕ ಸಿಗುವುದಿಲ್ಲ. ಕಾಯುವ ಅವಕಾಶವೇ ಸಿಗದಿದ್ದರೆ ಮಾತ್ರ ಸಿಗುವವರಿಗೂ ಸಿಗುವುದಿಲ್ಲ.

ಹಾಗಾದರೆ ನಾವು ಏನು ಮಾಡಬೇಕು? ಉತ್ತರ ನಮ್ಮ ತಾಲೀಮುಗಳಲ್ಲೇ ಇದೆ. ಜಾತ್ರೆ, ಉರುಸುಗಳ ಕುಸ್ತಿಯಲ್ಲಿ ಹಿರಿಯ ವಸ್ತಾದರು ಜೋಡಿ ಕಟ್ಟುವುದನ್ನು ನೋಡಿದ್ದೀರಿ. ಅವರು ಜನ್ಮ ದಾಖಲೆ ಕೇಳುವುದಿಲ್ಲ. ಇಬ್ಬರು ಹುಡುಗರನ್ನು ಎದುರುಬದುರು ನಿಲ್ಲಿಸಿ, ಮೈಕಟ್ಟು ನೋಡಿ, ಎಷ್ಟು ವರ್ಷದ ತಾಲೀಮು ಎಂದು ಕೇಳಿ, ಸರಿಸಮಾನವಾದರೆ ಮಾತ್ರ ಕಣಕ್ಕೆ ಬಿಡುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಅಕಾಡೆಮಿಗಳು ಹುಡುಗರನ್ನು ವಯಸ್ಸಿನ ಬದಲು ದೇಹದ ಬೆಳವಣಿಗೆಯ ಪ್ರಕಾರ ಗುಂಪು ಮಾಡಿ ಆಡಿಸಿ ನೋಡುತ್ತಿವೆ. ಬೆಲ್ಜಿಯಂ ದೇಶದ ಫುಟ್‌ಬಾಲ್ ಸಂಸ್ಥೆ ತಡವಾಗಿ ಬೆಳೆಯುವ ಹುಡುಗರಿಗೆಂದೇ ಬೇರೆ ತಂಡ ಕಟ್ಟಿತು. ನಮ್ಮ ವಸ್ತಾದರಿಗೆ ಈ ಜಾಣತನ ಮೊದಲೇ ಇತ್ತು. ಸಣ್ಣವನಿಗೆ ಸಣ್ಣವನ ಜೋಡಿ ಸಿಕ್ಕಾಗ ಅವನು ಪಟ್ಟು ಕಲಿಯುತ್ತಾನೆ. ದೊಡ್ಡವನಿಗೆ ದೊಡ್ಡವನ ಜೋಡಿ ಸಿಕ್ಕಾಗ ಬರಿ ಬಲ ಸಾಲದೆಂದು ಅವನಿಗೂ ತಿಳಿಯುತ್ತದೆ.

ಹೆಣ್ಣುಮಕ್ಕಳ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು. ಅವರ ದೇಹ ಬದಲಾಗುವ 12, 13ರ ವಯಸ್ಸಿನಲ್ಲೇ ಅವರನ್ನು ಮೈದಾನದಿಂದ ಹಿಂದಕ್ಕೆ ಕರೆಯುತ್ತೇವೆ. ಕೆಲವು ಹುಡುಗಿಯರ ಓಟ ಆ ಹಂತದಲ್ಲಿ ಒಂದೆರಡು ವರ್ಷ ನಿಧಾನವಾಗುತ್ತದೆ. ದೇಹ ಹೊಸ ತೂಕಕ್ಕೆ, ಹೊಸ ಎತ್ತರಕ್ಕೆ ಹೊಂದಿಕೊಳ್ಳುತ್ತಿರುತ್ತದೆ. ಅದನ್ನು ನೋಡಿ "ಇವಳ ಆಟ ಮುಗಿಯಿತು" ಎಂದು ತರಬೇತುದಾರರು ತೀರ್ಪು ಕೊಡುತ್ತಾರೆ, ಮನೆಯವರಿಗೂ ಅದೊಂದು ನೆಪವಾಗುತ್ತದೆ. ನಮ್ಮ ಜಿಲ್ಲೆಯವರೇ ಆದ ತುರಮುರಿಯ ಮಲಪ್ರಭಾ ಜಾಧವ ಜೂಡೊ ಆಡುತ್ತಿದ್ದವರು. ಮುಂದೆ ಕುರಾಶ್ ಎಂಬ ಕುಸ್ತಿಯಲ್ಲಿ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಕಂಚು ಗೆದ್ದರು. ವಿಜಯಪುರದ ರಾಜೇಶ್ವರಿ ಗಾಯಕವಾಡ ಭಾರತ ತಂಡ ಸೇರಿದ್ದು 22ನೆಯ ವಯಸ್ಸಿನಲ್ಲಿ, 2014ರಲ್ಲಿ. 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ಪಡೆದು ತಂಡವನ್ನು ಸೆಮಿಫೈನಲ್‌ಗೆ ಒಯ್ದರು. ಇವರ ಮನೆಗಳವರು 13ಕ್ಕೇ ಬಾಗಿಲು ಹಾಕಿದ್ದರೆ? ತಾಯಂದಿರೇ, ನಿಮ್ಮ ಆತಂಕ ನನಗೆ ಅರ್ಥವಾಗುತ್ತದೆ. ಸುರಕ್ಷಿತ ಮೈದಾನ, ಹೆಣ್ಣುಮಕ್ಕಳಿಗೆ ಬಟ್ಟೆ ಬದಲಿಸುವ ಕೋಣೆ, ಒಬ್ಬ ಶಿಕ್ಷಕಿಯ ಜೊತೆ, ಇವನ್ನು ಕೇಳುವ ಹಕ್ಕು ನಿಮಗಿದೆ. ಅದನ್ನು ಒದಗಿಸುವ ಹೊಣೆ ನಮ್ಮಂಥ ಸಂಸ್ಥೆಗಳದು.

ಇಷ್ಟೆಲ್ಲ ಏಕೆ ಹೇಳುತ್ತಿದ್ದೇನೆ? ಇದು ಪದಕದ ವಿಷಯ ಮಾತ್ರವಾಗಿದ್ದರೆ ಇಷ್ಟು ಹೊತ್ತು ನಿಮ್ಮನ್ನು ಕೂಡಿಸುತ್ತಿರಲಿಲ್ಲ. ನಮ್ಮ ಓಣಿಗಳಲ್ಲಿ ಎಂಟನೆಯ, ಒಂಬತ್ತನೆಯ ತರಗತಿಯ ಎಷ್ಟೋ ಹುಡುಗರು ಶಾಲೆಗೆ ಬರುವುದೇ ಸಂಜೆಯ ಆಟದ ಆಸೆಗೆ. ತಂಡದಿಂದ ಹೆಸರು ಹೋದ ಮೇಲೆ ಮೊದಲು ಆಟ ಬಿಡುತ್ತದೆ, ಆಮೇಲೆ ಶಾಲೆ ತಪ್ಪುತ್ತದೆ, ಆಮೇಲೆ ಗ್ಯಾರೇಜೋ, ಬೇಕರಿಯೋ, ವಖಾರಿಯೋ. ಕೆಲಸ ಕೀಳಲ್ಲ. ಆದರೆ ಹದಿನಾಲ್ಕರ ಹುಡುಗ ತನ್ನನ್ನು ತಾನೇ "ನಾನು ಆಗದವನು" ಎಂದು ತೀರ್ಮಾನಿಸಿಕೊಂಡು ಹೋಗುತ್ತಾನಲ್ಲ, ಅದು ನಮ್ಮೆಲ್ಲರ ನಷ್ಟ. ಆಟದಲ್ಲಿ ಕೊಟ್ಟ ಈ ತೀರ್ಪನ್ನು ಅವನು ಗಣಿತಕ್ಕೂ, ಇಂಗ್ಲಿಷಿಗೂ, ಇಡೀ ಬಾಳಿಗೂ ಅನ್ವಯಿಸಿಕೊಳ್ಳುತ್ತಾನೆ.

ಆದ್ದರಿಂದ ಸಂಸ್ಥೆಯ ಮುಂದೆ ನಾಲ್ಕು ಸಣ್ಣ ವಿನಂತಿಗಳನ್ನು ಇಡುತ್ತೇನೆ. ಇವಕ್ಕೆ ದೊಡ್ಡ ಹಣ ಬೇಡ.

ಒಂದು, ನಮ್ಮ ಶಾಲೆಗಳಲ್ಲಿ ಪ್ರತಿ ಆಟಕ್ಕೂ ಎರಡನೆಯ ತಂಡವಿರಲಿ. ಆಯ್ಕೆಯಾಗದವನಿಗೂ ವಾರಕ್ಕೆ ಮೂರು ದಿನ ಅದೇ ಮೈದಾನ, ಅದೇ ಶಿಕ್ಷಕರು ಸಿಗಲಿ. ಹತ್ತನೆಯ ತರಗತಿ ಮುಗಿಯುವವರೆಗೆ ಬಂದ ಯಾವ ಮಗುವನ್ನೂ "ನಾಳೆಯಿಂದ ಬರಬೇಡ" ಎಂದು ಕಳಿಸುವುದು ಬೇಡ.

ಎರಡು, ಮೂರು ತಿಂಗಳಿಗೊಮ್ಮೆ ಪ್ರತಿ ಮಗುವಿನ ಎತ್ತರ, ತೂಕ ಬರೆದಿಡೋಣ. ಗೋಡೆಯ ಮೇಲೆ ಒಂದು ಅಳತೆಪಟ್ಟಿ, ಒಂದು ವಹಿ ಸಾಕು. ಯಾವ ಮಗು ಈಗ ವೇಗವಾಗಿ ಬೆಳೆಯುತ್ತಿದೆ, ಯಾವುದು ಇನ್ನೂ ಬೆಳೆಯಲಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ವೇಗವಾಗಿ ಬೆಳೆಯುವಾಗ ಮೊಣಕಾಲು, ಹಿಮ್ಮಡಿ ನೋಯುತ್ತವೆ, ಕೈಕಾಲು ಹಿಡಿತಕ್ಕೆ ಸಿಗುವುದಿಲ್ಲ. ಅಂಥವನಿಗೆ ಬೈಗುಳ ಬೇಡ, ವಿಶ್ರಾಂತಿ ಕೊಡಿ.

ಮೂರು, 14ರೊಳಗಿನ ಪಂದ್ಯಗಳಲ್ಲಿ ಎಲ್ಲ ಮಕ್ಕಳಿಗೂ ಆಡುವ ಸರದಿ ಬರಲಿ. ವೇಗದ ಬೌಲರ್‌ಗಳ ಓವರ್ ಲೆಕ್ಕವನ್ನು ಶಿಕ್ಷಕರು ಬರೆದಿಡಲಿ. ಒಂದೇ ಆಟಕ್ಕೆ ಗಂಟು ಹಾಕದೆ ಖೋ ಖೋ, ಕಬಡ್ಡಿ, ಎಸೆತ, ಈಜು ಎಲ್ಲವನ್ನೂ ಮಕ್ಕಳು ಮುಟ್ಟಿ ನೋಡಲಿ.

ನಾಲ್ಕು, ಮುಂದಿನ ವರ್ಷದಿಂದ ಇದೇ ವೇದಿಕೆಯಲ್ಲಿ ಇನ್ನೊಂದು ಬಹುಮಾನ ಕೊಡೋಣ. ಗೆದ್ದವನಿಗಲ್ಲ. ಆಯ್ಕೆಯಾಗದಿದ್ದರೂ ವರ್ಷವಿಡೀ ಅಭ್ಯಾಸ ತಪ್ಪಿಸದ ಹುಡುಗನಿಗೆ, ಹುಡುಗಿಗೆ.

ಪಾಲಕರಲ್ಲಿ ಒಂದು ಮಾತು. ಮಗ ಆಟ ಮುಗಿಸಿ ಮನೆಗೆ ಬಂದಾಗ "ಗೆದ್ದೆಯಾ?" ಎಂದು ಕೇಳುವ ಮೊದಲು "ಇವತ್ತು ಏನು ಕಲಿತೆ?" ಎಂದು ಕೇಳಿ. ಬಾಜೂ ಮನೆಯ ಹುಡುಗನ ಎತ್ತರವನ್ನು ಅವನ ಮುಂದೆ ಅಳೆಯಬೇಡಿ. ಒಂದು ಮೊಟ್ಟೆ, ಒಂದು ಹಿಡಿ ಶೇಂಗಾ, ಬೆಲ್ಲ, ರಾತ್ರಿ ಎಂಟು ಒಂಬತ್ತು ತಾಸು ನಿದ್ದೆ, ಇವು ದುಬಾರಿ ಪುಡಿ ಡಬ್ಬಿಗಳಿಗಿಂತ ಹೆಚ್ಚು ಕೆಲಸ ಮಾಡುತ್ತವೆ.

ಕೊನೆಗೆ ವಿದ್ಯಾರ್ಥಿಗಳೇ, ನಿಮ್ಮ ಹತ್ತಿರ. ನಮ್ಮ ಮನೆಗಳಲ್ಲಿ "ಸಬರ್ ಮಾಡು" ಎಂಬ ಮಾತು ದಿನಕ್ಕೆ ಹತ್ತು ಸಲ ಕೇಳುತ್ತದೆ. ಅದನ್ನು ಸುಮ್ಮನೆ ಕುಳಿತಿರು ಎಂದು ತಿಳಿಯಬೇಡಿ. ಕಬ್ಬು ಹದಿನೆಂಟು ತಿಂಗಳು ನಿಲ್ಲುವಾಗ ರೈತ ಮಲಗಿರುವುದಿಲ್ಲ. ನೀರು ಕಟ್ಟುತ್ತಾನೆ, ಕಳೆ ತೆಗೆಯುತ್ತಾನೆ, ಗೊಬ್ಬರ ಹಾಕುತ್ತಾನೆ. ನಿಮ್ಮ ಮೈ ಬೆಳೆಯುವುದು ನಿಮ್ಮ ಕೈಯಲ್ಲಿಲ್ಲ. ಚೆಂಡು ಹಿಡಿಯುವ ಕೈ, ಕಾಲಿನ ಚಲನೆ, ಪಂದ್ಯವನ್ನು ಓದುವ ಬುದ್ಧಿ, ಬೆಳಿಗ್ಗೆ ಏಳುವ ಅಭ್ಯಾಸ, ಇವು ನಿಮ್ಮ ಕೈಯಲ್ಲಿವೆ. ಸಣ್ಣವನಾಗಿರುವಾಗ ಬಲದಿಂದ ಗೆಲ್ಲಲಾಗದ್ದರಿಂದಲೇ ಯುಕ್ತಿ ಕಲಿಯುತ್ತೀರಿ. ಬಲ ಬಂದ ದಿನ ನಿಮ್ಮ ಬಳಿ ಎರಡೂ ಇರುತ್ತವೆ. ಪಟ್ಟಿಯಲ್ಲಿ ಹೆಸರು ಇರದಿದ್ದರೂ ನಾಳೆ ಸಂಜೆ ಮೈದಾನಕ್ಕೆ ಬನ್ನಿ. ನಾಡಿದ್ದೂ ಬನ್ನಿ.

ಬಾಗಿಲು ತೆರೆದಿಡುವುದು ಹಿರಿಯರ ಕೆಲಸ, ಬರುತ್ತಲೇ ಇರುವುದು ನಿಮ್ಮ ಕೆಲಸ. ಇಬ್ಬರೂ ತಮ್ಮ ತಮ್ಮ ಕೆಲಸ ಮಾಡೋಣ.

ತಾಳ್ಮೆಯ ಬಗ್ಗೆ ಮಾತನಾಡುತ್ತ ನಿಮ್ಮ ತಾಳ್ಮೆಯನ್ನೇ ಪರೀಕ್ಷಿಸಿದ್ದೇನೆ. 

ಜೈ ಹಿಂದ್. ಜೈ ಕರ್ನಾಟಕ.